ಇಳಿಜಾರಿನಲ್ಲಿ ಹುಟ್ಟಿದ ಸೈಕಲ್

ಕಳೆದ ವಾರದ ವಿಡಿಯೊ ನೋಡಿದ ಕೆಲವರು, "ಇದನ್ನ ಬರಹದಲ್ಲಿ ಹಾಕಿ, ಆಫೀಸ್ ಕ್ಯಾಬ್‌ನಲ್ಲಿ ಓದ್ತೀವಿ" ಅಂದ್ರು. ಮಾತಾಡಿದ್ದನ್ನೇ ಅಲ್ಲಲ್ಲಿ ತಿದ್ದಿ ಕೊಡ್ತಾ ಇದ್ದೀನಿ. ವಿಡಿಯೊದಲ್ಲಿ ಗಾಳಿ ಸದ್ದಿನಲ್ಲಿ ಕೇಳಿಸದೇ ಹೋದ ಒಂದೆರಡು ವಿಷಯ ಇಲ್ಲಿ ಸೇರಿವೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ನಮ್ಮ ಕಡೆ ಬೈಕ್ ಅಂದ್ರೆ ಪೆಟ್ರೋಲ್ ಹಾಕೋದು. ನಾನು "ಮೌಂಟೇನ್ ಬೈಕ್ ರೇಸಿಗೆ ಹೆಸರು ಕೊಟ್ಟಿದ್ದೀನಿ" ಅಂತ ಊರಿಗೆ ಫೋನ್ ಮಾಡಿದಾಗ ಅಮ್ಮ ಮೊದಲು ಕೇಳಿದ್ದೇ "ಹೆಲ್ಮೆಟ್ ಇದೆಯೇನೋ, ಲೈಸೆನ್ಸ್ ಇಟ್ಕೊಂಡಿದ್ದೀಯಾ" ಅಂತ. ಇಲ್ಲಮ್ಮ, ಸೈಕಲ್ಲು ಅಂದೆ. "ಸೈಕಲ್ಲಾ? ಅದಕ್ಕೆ ಇಷ್ಟು ಸಡಗರಾನಾ?" ಅಂದ್ರು. ಇದಾಗಿ ಮೂರು ವಾರಕ್ಕೆ ನಾನು ಬಲಗಡೆ ಕತ್ತಿನೆಲುಬು ಮುರ್ಕೊಂಡು ಮಲಗಿದ್ದೆ. ರೇಸಿನಲ್ಲಿ ಅಲ್ಲ, ಅಭ್ಯಾಸದಲ್ಲೇ. ಆಗ ಅಮ್ಮ ಹೇಳಿದ ಮಾತು ಈಗಲೂ ನಮ್ಮ ಮನೇಲಿ ಓಡ್ತಾ ಇದೆ: "ನಿಮ್ಮಪ್ಪ ಮೂವತ್ತು ವರ್ಷ ಸೈಕಲ್ ತುಳಿದ್ರು, ಒಂದು ದಿನ ಬಿದ್ದೋರಲ್ಲ. ನೀನು ನಲವತ್ತು ಸಾವಿರ ಕೊಟ್ಟು ಬಿದ್ದೆಯಲ್ಲೋ."

ಅಪ್ಪ ಪೋಸ್ಟ್‌ಮನ್ ಆಗಿದ್ದರು, ಹೊಳಲ್ಕೆರೆ ತಾಲ್ಲೂಕಿನಲ್ಲಿ. ಡಬಲ್ ಬಾರ್ ಸೈಕಲ್ಲು, ಕ್ಯಾರಿಯರಿಗೆ ಚೀಲ, ಹೊಲದ ಬದು, ಬಂಡಿ ಜಾಡು, ಕೆರೆ ಏರಿ. ಡಾಂಬರು ಕಂಡಿದ್ದು ಕಡಿಮೆ. ಯೋಚನೆ ಮಾಡಿದ್ರೆ ನಮ್ಮನೆಯ ಮೊದಲ ಕ್ರಾಸ್ ಕಂಟ್ರಿ ಸವಾರ ಅವರೇ, ನಾನಲ್ಲ. ಆದ್ರೆ ಒಂದು ವ್ಯತ್ಯಾಸ ಇತ್ತು. ಕಡಿದಾದ ಇಳಿಜಾರು ಬಂದರೆ ಅಪ್ಪ ಇಳಿದುಬಿಡ್ತಿದ್ರು. ಏರಿನಲ್ಲಿ ತುಳಿಯೋರು ಇಳಿಜಾರಿನಲ್ಲಿ ತಳ್ಳಿಕೊಂಡು ನಡೆಯೋರು. ಚಿಕ್ಕವನಿದ್ದಾಗ ನನಗೆ ಇದು ಉಲ್ಟಾ ಅನ್ನಿಸ್ತಿತ್ತು. ಬಿದ್ದು, ಆರು ವಾರ ಮನೇಲಿ ಕೂತು, ಈ ಸೈಕಲ್ಲಿನ ಚರಿತ್ರೆ ಓದಿದ ಮೇಲೆ ಅರ್ಥ ಆಯ್ತು. ಮೌಂಟೇನ್ ಬೈಕ್ ಹುಟ್ಟಿದ್ದೇ ಇಳಿಜಾರಿನ ಸಮಸ್ಯೆಯಿಂದ. ಬೆಟ್ಟ ಹತ್ತೋಕಲ್ಲ, ಬೆಟ್ಟದಿಂದ ಬದುಕಿ ಇಳಿಯೋಕೆ.

ನನ್ನ ಕಥೆ ವಿಜಯವಾಡದಿಂದ ಶುರುವಾಗುತ್ತೆ. ಬೆಂಗಳೂರಿನಿಂದ ವರ್ಗವಾಗಿ ಮೊದಲು ಬಂದಿದ್ದು ಅಲ್ಲಿಗೆ. ಗನ್ನವರದ ಕಡೆ ಆಫೀಸು, ಊರಲ್ಲಿ ರೂಮು. ಬೇಸಿಗೆಯಲ್ಲಿ ವಿಜಯವಾಡ ಹೇಗಿರುತ್ತೆ ಅಂತ ಅಲ್ಲಿದ್ದೋರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದರೆ ಏಳರ ತನಕ ಮಾತ್ರ ಮನುಷ್ಯರ ಸಮಯ. ಆ ಎರಡು ಗಂಟೆಗಾಗಿ ಒಂದು ಸೈಕಲ್ ತಗೊಂಡೆ. ಅಂಗಡಿಯಲ್ಲಿ ಮುಂದೆ ಸಸ್ಪೆನ್ಷನ್ ಇದ್ದಿದ್ದು ಚೆನ್ನಾಗಿ ಕಾಣ್ತು, ಅಷ್ಟೇ ಕಾರಣ.

ಆ ಊರಿನ ನೆಲ ಸಪಾಟು. ಇಂದ್ರಕೀಲಾದ್ರಿ, ಗಾಂಧಿ ಹಿಲ್ ಇವೆ ನಿಜ, ಆದ್ರೆ ಊರು ನಿಂತಿರೋದು ಕೃಷ್ಣೆಯ ಮುಖಜಭೂಮಿಯ ಬಾಗಿಲಲ್ಲಿ. 1852ರಲ್ಲಿ ಕೆಲಸ ಶುರುವಾಗಿ 1855ರಲ್ಲಿ ಮುಗಿದ ಬೆಜವಾಡದ ಹಳೇ ಅಣೆಕಟ್ಟು ಇತ್ತಲ್ಲ, ಅದರಿಂದ ಹೊರಟ ಕಾಲುವೆಗಳು ಇಡೀ ಸೀಮೆಗೆ ನೀರು ಕೊಟ್ಟವು. ಅದು 1952ರಲ್ಲಿ ಒಡೆದ ಮೇಲೆ ಪ್ರಕಾಶಂ ಬ್ಯಾರೇಜ್ ಬಂತು, 1957ರಲ್ಲಿ. ಏಲೂರು ಕಾಲುವೆ, ರೈವ್ಸ್ ಕಾಲುವೆ, ಬಂದರು ಕಾಲುವೆ ಮೂರೂ ಊರೊಳಗಿಂದಲೇ ಹರೀತವೆ. ಊರು ದಾಟಿದ್ರೆ ಕಾಲುವೆ ಏರಿಯ ಮೇಲೆ ಮಣ್ಣಿನ ದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಕರಿ ಮಣ್ಣು, ಮಳೆ ಬಂದರೆ ಟಯರಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತೆ.

ಎರಡು ವರ್ಷ ಆ ಏರಿ ಮೇಲೆ ಓಡಿಸಿದೆ. ಉಸಿರು ಬಂತು, ತೊಡೆ ಗಟ್ಟಿಯಾಯ್ತು. ಸವಾರಿ ಕಲಿತೆ ಅಂದ್ಕೊಂಡೆ. ಅಲ್ಲಿ ನಾನು ಒಂದೇ ಒಂದು ಸಲ ಗಂಭೀರವಾಗಿ ಬ್ರೇಕ್ ಹಿಡಿದಿದ್ದೆ, ಎಮ್ಮೆ ಅಡ್ಡ ಬಂದಾಗ.

ಆಮೇಲೆ ಪ್ರಾಜೆಕ್ಟ್ ಬದಲಾಗಿ ವಿಶಾಖಪಟ್ಟಣಕ್ಕೆ ಬಂದೆ. ಹೆದ್ದಾರಿಯಲ್ಲಿ ಮುನ್ನೂರೈವತ್ತು ಕಿಲೋಮೀಟರ್, ನೆಲ ಮಾತ್ರ ಬೇರೆಯೇ ಪ್ರಪಂಚ. ಇಲ್ಲಿ ಪೂರ್ವ ಘಟ್ಟ ಸಮುದ್ರದ ಪಕ್ಕಕ್ಕೇ ಬಂದು ನಿಲ್ಲುತ್ತೆ. ಕೈಲಾಸಗಿರಿ, ಸಿಂಹಾಚಲ, ಕಂಬಾಲಕೊಂಡ, ಆ ಕಡೆ ಯಾರಾಡ. (ಪಕ್ಕಕ್ಕೆ ಒಂದು ಮಾತು: ಕೃಷ್ಣದೇವರಾಯ ಗಜಪತಿಗಳ ಮೇಲೆ ದಂಡೆತ್ತಿ ಬಂದಿದ್ದು ಹೆಚ್ಚುಕಮ್ಮಿ ಇದೇ ದಾರಿ. 1515ರಲ್ಲಿ ಕೊಂಡವೀಡು, ಆಮೇಲೆ ವಿಜಯವಾಡದ ಪಕ್ಕದ ಕೊಂಡಪಲ್ಲಿ, ಅಲ್ಲಿಂದ ಉತ್ತರಕ್ಕೆ. ಸಿಂಹಾಚಲದ ಗುಡಿಯಲ್ಲಿ ಅವನ 1516ರ ಶಾಸನ ಇದೆ. ಹಂಪಿಯಿಂದ ವೈಜಾಗಿಗೆ ಬಂದ ಕನ್ನಡ ನಾಡಿನವರಲ್ಲಿ ನಾವೇ ಮೊದಲಲ್ಲ.)

ಈ ಗುಡ್ಡಗಳ ಕಲ್ಲಿಗೆ ಖೊಂಡಲೈಟ್ ಅಂತ ಹೆಸರು, ಖೊಂಡ ಬುಡಕಟ್ಟಿನವರ ಹೆಸರಿನಿಂದ ಬಂದಿದ್ದು. ಬಿಸಿಲು ಮಳೆಗೆ ಸಿಕ್ಕಿ ಕೆಂಪಗೆ ಪುಡಿಯಾಗುತ್ತೆ. ಅದರಲ್ಲಿ ಗಾರ್ನೆಟ್ ಅನ್ನೋ ಕೆಂಪು ಹರಳು ತುಂಬಾ ಇರುತ್ತೆ. ಕಲ್ಲು ಸವೆದಾಗ ಹರಳು ಮಾತ್ರ ಉಳಿದು, ಗಟ್ಟಿ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಹರಡಿಕೊಂಡಿರುತ್ತೆ. ಇದು ಭೂವಿಜ್ಞಾನದ ಪಾಠ ಅಲ್ಲ, ನಾನು ಬಿದ್ದ ಕಾರಣ. ಮಧುರವಾಡದ ಹಿಂದಿನ ಗುಡ್ಡದಿಂದ ಇಳೀತಾ ಇದ್ದೆ. ತಿರುವು ಬಂತು, ವೇಗ ಜಾಸ್ತಿ ಅನ್ನಿಸ್ತು, ತಿರುವಿನ ಮಧ್ಯದಲ್ಲೇ ಮುಂದಿನ ಬ್ರೇಕನ್ನ ನಾಲ್ಕೂ ಬೆರಳಿಂದ ಎಳೆದೆ. ಚಕ್ರ ರಾಗಿ ಮೇಲೆ ಜಾರಿದ ಹಾಗೆ ಜಾರಿತು. ಉಳಿದಿದ್ದು ಎಕ್ಸ್‌ರೇ.

ಈಗ ಚರಿತ್ರೆಗೆ ಬರೋಣ.

ರಸ್ತೆ ಬಿಟ್ಟು ಸೈಕಲ್ ಓಡಿಸೋದು ಹೊಸದೇನಲ್ಲ. ಸೈಕಲ್ ಬಂದ ಕಾಲದಲ್ಲಿ ಒಳ್ಳೆ ರಸ್ತೆಯೇ ಇರಲಿಲ್ಲ. 1897ರಲ್ಲಿ ಅಮೆರಿಕದ ಸೈನ್ಯದ 25ನೇ ಪದಾತಿ ದಳದ ಇಪ್ಪತ್ತು ಕಪ್ಪು ಸೈನಿಕರು ಲೆಫ್ಟಿನೆಂಟ್ ಜೇಮ್ಸ್ ಮಾಸ್ ಜೊತೆ ಮೊಂಟಾನಾದ ಮಿಸೌಲಾದಿಂದ ಸೇಂಟ್ ಲೂಯಿಸ್‌ವರೆಗೆ 1,900 ಮೈಲಿ ಸೈಕಲ್ ತುಳಿದರು. ಕೆಸರು, ಹಿಮ, ರೈಲು ಹಳಿಯ ಮೇಲಿನ ಸ್ಲೀಪರುಗಳು, ಬೆನ್ನಿಗೆ ಬಂದೂಕು. ಸೈಕಲ್ಲು ಸೈನ್ಯಕ್ಕೆ ಆಗಿಬರುತ್ತಾ ಅಂತ ನೋಡೋಕೆ ಮಾಡಿದ ಪ್ರಯೋಗ ಅದು. 1902ರಲ್ಲಿ ಫ್ರಾನ್ಸಿನಲ್ಲಿ ಹೊಲ, ಹಳ್ಳ ದಾಟಿ ಓಡುವ ಸೈಕ್ಲೋಕ್ರಾಸ್‌ಗೆ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೀತು. ಇವೆಲ್ಲ ಇದ್ದರೂ ಇವುಗಳಿಂದ ಬೆಟ್ಟಕ್ಕೆಂದೇ ಒಂದು ಬೇರೆ ಸೈಕಲ್ ಹುಟ್ಟಲಿಲ್ಲ. ಕಷ್ಟದ ಕಡೆ ಹೆಗಲ ಮೇಲೆ ಹೊತ್ಕೊಂಡು ಓಡಿದ್ರೆ ಆಯ್ತು ಅನ್ನೋದೇ ಲೆಕ್ಕ. ಅಪ್ಪನ ಲೆಕ್ಕವೇ ಅನ್ನಿ.

ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, 1970ರ ದಶಕದಲ್ಲಿ. ಅಲ್ಲಿ ಟಮಲ್ಪಾಯಿಸ್ ಅನ್ನೋ ಬೆಟ್ಟ. ರಸ್ತೆ ರೇಸ್ ಮಾಡ್ತಿದ್ದ ಒಂದಷ್ಟು ಹುಡುಗರು ಗುಜರಿಯಲ್ಲಿ ಸಿಗುವ 1930-40ರ ದಶಕದ ದಪ್ಪ ಟಯರಿನ ಹಳೇ ಸೈಕಲ್ಲುಗಳನ್ನ ಅಗ್ಗಕ್ಕೆ ತಂದು, ಬೇಡದ್ದನ್ನೆಲ್ಲ ಕಿತ್ತು, ಮೇಲಕ್ಕೆ ಹೇಗೋ ಸಾಗಿಸಿ, ಮಣ್ಣಿನ ದಾರಿಯಲ್ಲಿ ಕೆಳಗೆ ಬಿಡೋರು. ಶ್ವಿನ್ ಎಕ್ಸೆಲ್ಸಿಯರ್ ಅನ್ನೋ ಮಾಡೆಲ್ಲಿಗೆ ಬೇಡಿಕೆ ಜಾಸ್ತಿ. ಈ ಸೈಕಲ್ಲುಗಳಿಗೆ ಬ್ರೇಕ್ ಹ್ಯಾಂಡಲ್ಲಿನಲ್ಲಿ ಇರಲಿಲ್ಲ. ಪೆಡಲನ್ನ ಹಿಂದಕ್ಕೆ ಒತ್ತಿದ್ರೆ ಹಿಂದಿನ ಹಬ್ಬಿನೊಳಗೆ ಬ್ರೇಕ್ ಹಿಡಿಯೋದು. ಸಪಾಟು ಬೀದಿಗೆ ಸಾಕು. ಬೆಟ್ಟದಲ್ಲಿ? ಹಬ್ಬು ಕೆಂಡದ ಹಾಗೆ ಕಾಯೋದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗೋದು. ಕೆಳಗೆ ಬಂದ ಮೇಲೆ ಹಬ್ಬು ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ರೀಪ್ಯಾಕ್ ಅಂತಾರೆ. ಆ ದಾರಿಗೆ ಅದೇ ಹೆಸರು ಬಿತ್ತು.

1976ರ ಅಕ್ಟೋಬರ್ 21ಕ್ಕೆ ರೀಪ್ಯಾಕ್ ದಾರಿಯಲ್ಲಿ ಮೊದಲ ರೇಸ್. ಎರಡು ಮೈಲಿಯಲ್ಲಿ 1,300 ಅಡಿ ಇಳಿತ. ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ನೋಡಿ ಸಮಯ ಬರ್ಕೊಳ್ಳೋದು. ಗೆದ್ದಿದ್ದು ಆಲನ್ ಬಾಂಡ್ಸ್. ಅವನು ಎಲ್ಲರಿಗಿಂತ ಜೋರಾಗಿ ತುಳಿದ ಅಂತ ಅಲ್ಲ, ಅವತ್ತು ಬೀಳದೇ ಕೆಳಗೆ ಬಂದವನು ಅವನೊಬ್ಬನೇ. ಕತ್ತಿನೆಲುಬಿಗೆ ಪಟ್ಟಿ ಹಾಕ್ಕೊಂಡು ಇದನ್ನ ಓದಿದ ನನಗೆ ಎಷ್ಟು ಸಮಾಧಾನ ಆಗಿರಬೇಡ ನೋಡಿ. ಇಡೀ ಆಟದ ಮೊದಲ ಫಲಿತಾಂಶವೇ ಹೀಗಿದೆ.

ಅಲ್ಲಿಂದ ಮುಂದೆ ಆ ಸೈಕಲ್ಲಿಗೆ ಏನೇನು ಸೇರಿತು ಅನ್ನೋದನ್ನ ಸಾಲಾಗಿ ನೋಡಿದ್ರೆ ಒಂದು ವಿಷಯ ಕಾಣುತ್ತೆ. ಕೈಯಲ್ಲಿ ಹಿಡಿಯೋ ಬ್ರೇಕು ಬಂತು, ಮುಂದೆ ಹಿಂದೆ ಎರಡಕ್ಕೂ. ಮೋಟಾರ್ ಸೈಕಲ್ಲಿನ ಉದ್ದನೆ ಲಿವರು ಬಂತು. ಸೀಟನ್ನ ಥಟ್ಟನೆ ಕೆಳಗಿಳಿಸೋ ಕ್ಲಿಪ್ಪು ಬಂತು. ಹಿಡಿತಕ್ಕೆ ಅಗಲವಾದ ಹ್ಯಾಂಡಲ್ಲು ಬಂತು. ಎಲ್ಲವೂ ಇಳಿಯೋಕೆ. ಗೇರು ಒಂದೇ ಹತ್ತೋಕೆ ಬಂದಿದ್ದು, ಅದೂ ಟ್ರಕ್ಕಿನಲ್ಲಿ ಮೇಲೆ ಸಾಗಿಸೋದು ಬೇಜಾರಾದ ಮೇಲೆ! ಗ್ಯಾರಿ ಫಿಷರ್ ಹಳೇ ಸೈಕಲ್ಲಿಗೆ ಗೇರು ಹಾಕಿದ. ಜೋ ಬ್ರೀಝ್ 1977ರಲ್ಲಿ ಹಳೇ ಫ್ರೇಮ್ ನಂಬದೆ ಹೊಸದಾಗಿ ತಾನೇ ಒಂದು ಫ್ರೇಮ್ ಬೆಸುಗೆ ಹಾಕಿ ಮಾಡಿದ. ಆ ಸೈಕಲ್ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. 1979ರಲ್ಲಿ ಫಿಷರ್, ಚಾರ್ಲಿ ಕೆಲ್ಲಿ ಇಬ್ಬರೂ ಸೇರಿ ಟಾಮ್ ರಿಚಿ ಮಾಡಿಕೊಟ್ಟ ಫ್ರೇಮುಗಳನ್ನ ಇಟ್ಕೊಂಡು ಕಂಪನಿ ತೆರೆದರು, ಹೆಸರು ಮೌಂಟೇನ್‌ಬೈಕ್ಸ್. ಅದೇ ಹೆಸರು ಎಲ್ಲದಕ್ಕೂ ಅಂಟಿಕೊಂಡಿತು. 1981ರಲ್ಲಿ ಸ್ಪೆಷಲೈಝ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ ಬಂದ ಮೇಲೆ ಇದು ಗ್ಯಾರೇಜಿನ ಹುಡುಗರ ಆಟವಾಗಿ ಉಳೀಲಿಲ್ಲ.

ಹಾಗಾದ್ರೆ ಹತ್ತುವ, ಇಳಿಯುವ, ಸುತ್ತು ಹಾಕುವ ಕ್ರಾಸ್ ಕಂಟ್ರಿ ಎಲ್ಲಿಂದ ಬಂತು? ರೇಸು ಇಳಿಜಾರಿನದ್ದೇ ಆಗಿದ್ರೆ ಗಟ್ಟಿಗುಂಡಿಗೆಯ ಹತ್ತು ಜನರಿಗೆ ಮಾತ್ರ. ಹತ್ತುವುದನ್ನೂ ಸೇರಿಸಿದ್ರೆ ಉಸಿರಿರೋ ಯಾರೂ ಬರಬಹುದು. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ಆದಾಗ ಕ್ರಾಸ್ ಕಂಟ್ರಿ, ಡೌನ್‌ಹಿಲ್ ಎರಡೂ ಬೇರೆ ಬೇರೆ. ಕ್ರಾಸ್ ಕಂಟ್ರಿ ಗೆದ್ದಿದ್ದು ಗಂಡಸರಲ್ಲಿ ನೆಡ್ ಓವರೆಂಡ್, ಹೆಂಗಸರಲ್ಲಿ ಜೂಲಿ ಫುರ್ಟಾಡೊ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೆ ಬಂತು. ನೆದರ್ಲೆಂಡ್ಸಿನ ಬಾರ್ಟ್ ಬ್ರೆಂಟ್ಯೆನ್ಸ್‌ಗೆ ಚಿನ್ನ, ಎರಡು ಗಂಟೆ ಹದಿನೇಳು ನಿಮಿಷ. ಈಗ ಒಲಿಂಪಿಕ್ ರೇಸು ಒಂದೂವರೆ ಗಂಟೆಯ ಒಳಗೆ ಬಂದಿದೆ, ಸುತ್ತು ಚಿಕ್ಕದು, ಬಂಡೆ ದೊಡ್ಡದು. ಅಂದ್ರೆ ರೀಪ್ಯಾಕ್ ಮತ್ತೆ ಒಳಗೆ ನುಸುಳಿಕೊಂಡಿದೆ.

ನಿಮ್ಮಲ್ಲಿ ಕೆಲವರು 2021ರ ಟೋಕಿಯೊ ಒಲಿಂಪಿಕ್ಸ್ ನೋಡಿರಬಹುದು. ಮ್ಯಾಥ್ಯೂ ವಾನ್ ಡರ್ ಪೂಲ್, ಆ ಕಾಲದ ಅತಿ ದೊಡ್ಡ ಸವಾರರಲ್ಲಿ ಒಬ್ಬ, ಮೊದಲ ಸುತ್ತಿನಲ್ಲೇ ಒಂದು ಬಂಡೆಯ ಮೇಲಿಂದ ಮೂಗು ಅಡಿಯಾಗಿ ಬಿದ್ದ. ಅಭ್ಯಾಸದ ದಿನ ಅಲ್ಲೊಂದು ಹಲಗೆಯ ಇಳಿಜಾರು ಇಟ್ಟಿದ್ದರು, ರೇಸಿನ ದಿನ ಇರಲಿಲ್ಲ. ಇದೆ ಅಂದ್ಕೊಂಡು ಬಂದ. ಗೆದ್ದಿದ್ದು ಬ್ರಿಟನ್ನಿನ ಟಾಮ್ ಪಿಡ್‌ಕಾಕ್. ಅವನಿಗೂ ಆ ವರ್ಷ ಮೇ ತಿಂಗಳಲ್ಲಿ ಕತ್ತಿನೆಲುಬು ಮುರಿದಿತ್ತು ಅಂತ ತಿಳಿದಾಗ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅವನಿಗೆ ಚಿನ್ನ ಬಂತು, ನಿನಗೇನು ಬಂತು" ಅಂದ್ರು.

ನಮ್ಮ ಕಡೆಗೆ ಬರೋಣ. ಎಂಟಿಬಿ ಅನ್ನೋ ಮೂರು ಅಕ್ಷರ ನಾವೆಲ್ಲ ಮೊದಲು ನೋಡಿದ್ದು ಶಾಲೆಗೆ ಹೋಗೋವಾಗ, ಯಾರೋ ಸಾಹುಕಾರರ ಮಗನ ಹರ್ಕ್ಯುಲಸ್ ಸೈಕಲ್ಲಿನ ಮೇಲೆ. ರೇಂಜರ್ ಇದ್ದವನಿಗೆ ತರಗತಿಯಲ್ಲಿ ಒಂದು ಕುರ್ಚಿ ಎತ್ತರ ಜಾಸ್ತಿ. ಅವು ಬೆಟ್ಟದ ವೇಷದ ಬೀದಿ ಸೈಕಲ್ಲುಗಳು. ಆದ್ರೆ ಆಟ ನಿಜವಾಗಿ ಬಂದಿದ್ದು ತಡವಾಗಿ, ಬಂದಾಗ ಅದನ್ನ ಹಿಡಿದಿದ್ದು ಬೆಂಗಳೂರಿನ ಐಟಿಯವರು ಮಾತ್ರ ಅಲ್ಲ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ರೈತರ ಮಕ್ಕಳು ಕರ್ನಾಟಕದ ಸೈಕ್ಲಿಂಗಿನ ಬೆನ್ನೆಲುಬು. 2021ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದಿದ್ದು ಗದಗದಲ್ಲಿ. 2023ರ ಅಕ್ಟೋಬರಿನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕೇರಳದ ಪೊನ್ಮುಡಿಗೆ ಬಂತು. ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದೇ ಇರಬಹುದು: ನಮ್ಮಂಥ ಹವ್ಯಾಸಿಗಳು ಸೈಕಲ್ಲಿಗೆ ದುಡ್ಡು ಸುರೀತೀವಿ, ಆ ಹುಡುಗರು ಸೈಕಲ್ ಮೇಲೆ ಸಮಯ ಸುರೀತಾರೆ. ಕಾರ್ಬನ್ ಫ್ರೇಮ್ ತಿರುವಿನಲ್ಲಿ ಬ್ರೇಕ್ ಹಿಡಿಯೋದನ್ನ ಕಲಿಸಲ್ಲ.

ನನಗೆ ಕಲಿಸಿದ್ದು ಇಲ್ಲಿನ ಒಬ್ಬ ಸೈಕಲ್ ರಿಪೇರಿಯವರು, ಅರವತ್ತರ ಹತ್ತಿರದ ವಯಸ್ಸು. ಪಟ್ಟಿ ಬಿಚ್ಚಿದ ಮೇಲೆ ಬೆಂಡಾದ ಚಕ್ರ ಸರಿ ಮಾಡಿಸೋಕೆ ಹೋಗಿದ್ದೆ. ಹೇಗೆ ಬಿದ್ದೆ ಅಂತ ಕೇಳಿದ್ರು. ಹೇಳಿದೆ. ಅಂಗಡಿ ಮುಂದಿನ ಖಾಲಿ ಸೈಟಿನಲ್ಲಿ ಸೈಕಲ್ ಹತ್ತಿ ತೋರಿಸು ಅಂದ್ರು. ನಾನು ಮುಂದಿನ ಚಕ್ರವನ್ನೇ ನೋಡ್ತಾ ಓಡಿಸಿದೆ. "ಮುಂದುಕು ಚೂಡಂಡಿ ಸಾರ್" ಅಂದ್ರು. ಮುಂದೆ ನೋಡಿ ಸಾರ್. ಕಲ್ಲನ್ನ ನೋಡಿದ್ರೆ ಕಲ್ಲಿಗೇ ಹೋಗ್ತೀರಿ, ದಾರಿ ನೋಡಿದ್ರೆ ದಾರಿಗೆ ಹೋಗ್ತೀರಿ ಅಂತ ವಿವರಣೆ. ಆಮೇಲೆ ಎರಡು ತಿಂಗಳು ನಾನು ಗುಡ್ಡಕ್ಕೆ ಹೋಗಲೇ ಇಲ್ಲ.

ಏನು ಮಾಡಿದೆ ಅಂದ್ರೆ, ಸೈಕಲ್ಲನ್ನ ಆದಷ್ಟು ನಿಧಾನಕ್ಕೆ ಓಡಿಸೋದು. ಊರ ಹಬ್ಬದಲ್ಲಿ ಸ್ಲೋ ಸೈಕಲ್ ರೇಸ್ ಇರುತ್ತಲ್ಲ, ಕೊನೆಗೆ ಬಂದವನಿಗೆ ಬಹುಮಾನ, ಅದೇ. ಹತ್ತು ಮೀಟರಿಗೆ ಮೂವತ್ತು ಸೆಕೆಂಡು. ಅದು ಬಂದ ಮೇಲೆ ಬ್ರೇಕು. ಮುಂದಿನ ಲಿವರ್ ಮೇಲೆ ಒಂದು ಬೆರಳು, ಹಿಂದಿನದರ ಮೇಲೆ ಒಂದು ಬೆರಳು. ನಿಲ್ಲಿಸೋ ಶಕ್ತಿ ಹೆಚ್ಚಿನದು ಮುಂದಿನ ಬ್ರೇಕಿನಲ್ಲೇ ಇದೆ, ಯಾಕಂದ್ರೆ ನಿಧಾನವಾಗುವಾಗ ಮೈಭಾರ ಮುಂದಕ್ಕೆ ಬರುತ್ತೆ. ಅದಕ್ಕೆ ಹೆದರಿ ಹಿಂದಿನದನ್ನೇ ಎಳೆಯೋರು ಚಕ್ರ ಉಜ್ಜಿಕೊಂಡು ಜಾರ್ತಾರೆ, ಅದನ್ನೇ ಗಾಬರಿಯಲ್ಲಿ ಎಳೆದವರು ನನ್ನ ಹಾಗೆ ಮಲಗ್ತಾರೆ. ನೇರ ದಾರಿಯಲ್ಲಿ, ತಿರುವಿಗೆ ಮೊದಲೇ, ಮೆಲ್ಲಗೆ ಒತ್ತುತ್ತಾ ಹೋಗಿ ತಿರುವಿನೊಳಗೆ ಬಿಟ್ಟುಬಿಡಬೇಕು. ನಾನು ಮಾಡಿದ್ದು ಇದರ ತದ್ವಿರುದ್ಧ.

ಇಳಿಯುವಾಗ ಸೀಟಿನಿಂದ ಏಳಬೇಕು. ಎರಡೂ ಪೆಡಲ್ ಒಂದೇ ಮಟ್ಟದಲ್ಲಿ, ಮೊಣಕಾಲು, ಮೊಣಕೈ ಸಡಿಲ, ಹಿಮ್ಮಡಿ ಕೆಳಗೆ. ತಿರುವಿನಲ್ಲಿ ಸೈಕಲ್ ವಾಲಬೇಕು, ಮೈ ಅಷ್ಟು ವಾಲಬಾರದು, ಹೊರಗಡೆ ಪೆಡಲ್ ಕೆಳಗಿರಬೇಕು. ಹತ್ತುವಾಗ ಸೀಟಿನ ಮೂಗಿಗೆ ಸರಿದು ಎದೆ ಬಗ್ಗಿಸಿ ಕೂರೋದು, ಏರು ಶುರುವಾಗೋ ಮೊದಲೇ ಗೇರ್ ಇಳಿಸೋದು. ಏರಿನ ಮಧ್ಯೆ ಇಳಿಸಿದ್ರೆ ಚೈನು ಕಟಕಟ ಅಂತ ಹಲ್ಲು ಕಡಿಯುತ್ತೆ. ಟಯರಿಗೆ ಕಲ್ಲಿನಷ್ಟು ಗಟ್ಟಿಯಾಗಿ ಗಾಳಿ ತುಂಬೋದು ನಮ್ಮ ಹಳೇ ಚಟ. ಗುಡ್ಡದಲ್ಲಿ ಸ್ವಲ್ಪ ಮೆತ್ತಗಿದ್ದರೆ ನೆಲ ಕಚ್ಚುತ್ತೆ. ತೀರಾ ಮೆತ್ತಗಾದ್ರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದ ಹಾಗೆ ಎರಡು ತೂತು.

ಎಲ್ಲಿ ಓಡಿಸೋದು ಅಂತ ತುಂಬಾ ಜನ ಕೇಳ್ತೀರಿ. ಎಲ್ಲಿ ಓಡಿಸಬಾರದು ಅಂತ ಮೊದಲು ಹೇಳ್ತೀನಿ. ಭೀಮಿಲಿ ದಾರಿಯಲ್ಲಿ ತೊಟ್ಲಕೊಂಡ ಇದೆ. ತೊಟ್ಲ ಅಂದ್ರೆ ನಮ್ಮ ತೊಟ್ಟಿಯೇ. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದ ಆ ಹೆಸರು. ಎರಡು ಸಾವಿರ ವರ್ಷ ಹಿಂದಿನ ಬೌದ್ಧ ವಿಹಾರ. ಅದು ಬೆಳಕಿಗೆ ಬಂದಿದ್ದು 1976ರಲ್ಲಿ, ನೌಕಾಪಡೆಯವರು ನೆಲೆಗಾಗಿ ವಿಮಾನದಿಂದ ಸರ್ವೆ ಮಾಡುವಾಗ. ಮರಿನ್ ಹುಡುಗರು ರೀಪ್ಯಾಕ್‌ನಲ್ಲಿ ಬಿದ್ದೆದ್ದ ಅದೇ ವರ್ಷ. ಅಲ್ಲಿಗೆ ಡಾಂಬರು ರಸ್ತೆಯಲ್ಲಿ ಹತ್ತಿ, ಸೈಕಲ್ ನಿಲ್ಲಿಸಿ, ನೋಡಿ ಬನ್ನಿ. ಪಕ್ಕದ ಕಾಲುದಾರಿಗೆ ಇಳಿಸಬೇಡಿ. ಹಾಗೇ ಎರ್ರಮಟ್ಟಿ ದಿಬ್ಬಲು, ಆ ಕೆಂಪು ಮರಳಿನ ದಿಬ್ಬಗಳು. ಫೋಟೊಗೆ ಚೆಂದ, ಸೈಕಲ್ಲಿಗೆ ಆಸೆ ಹುಟ್ಟಿಸುತ್ತೆ. ಅದು ಸಂರಕ್ಷಿತ ಭೂಪರಂಪರೆಯ ತಾಣ. ಹಿಂದಿನ ಚಕ್ರ ಒಂದು ಸಲ ಜಾರಿದ ಗೆರೆಯಲ್ಲಿ ಮುಂದಿನ ಮಳೆ ನೀರು ಇಳಿಯುತ್ತೆ, ಅಲ್ಲಿಂದ ಕೊರಕಲು ಶುರು. ಕಂಬಾಲಕೊಂಡ ವನ್ಯಜೀವಿ ಧಾಮ, ಅನುಮತಿ ಇರೋ ದಾರಿ ಬಿಟ್ಟು ಹೋಗಬಾರದು. ನಮ್ಮ ಗುಂಪಿನಲ್ಲೇ ಈ ವಿಷಯಕ್ಕೆ ಜಗಳ ಆಗಿದೆ, ಇಬ್ಬರು ಬಿಟ್ಟೂ ಹೋದರು. ಬ್ರೇಕ್ ಉಜ್ಜದೆ ಇಳಿಯೋಕೆ ಬಂದವನು ದಾರಿಯನ್ನೂ ಹಾಳು ಮಾಡಲ್ಲ, ಹಾಗಾಗಿ ಇವೆರಡೂ ನನಗೆ ಬೇರೆ ಬೇರೆ ವಿಷಯ ಅನ್ನಿಸಲ್ಲ.

ತಪ್ಪಿಸಿಕೊಂಡಿದ್ದ ಆ ರೇಸನ್ನ ಮುಂದಿನ ವರ್ಷ ಓಡಿದೆ. ಖಾಸಗಿ ತೋಟದ ಗೇರು ಮರಗಳ ನಡುವೆ ಐದು ಕಿಲೋಮೀಟರ್ ಸುತ್ತು, ನಾಲ್ಕು ಸಲ. ಹಿಂದಿನ ದಿನ ಇಡೀ ಸುತ್ತನ್ನ ನಡೆದು ನೋಡಿದ್ದೆ, ಬೆಳಿಗ್ಗೆ ಮತ್ತೊಂದು ಸಲ. ವಾನ್ ಡರ್ ಪೂಲ್ ನೆನಪಿನಲ್ಲಿ. ಶುರುವಿನಲ್ಲಿ ಎಲ್ಲರೂ ಮದುವೆ ಊಟದ ಪಂಕ್ತಿಗೆ ನುಗ್ಗಿದ ಹಾಗೆ ನುಗ್ಗಿದ್ರು. ದಾರಿ ಕಿರಿದಾದ ಕಡೆ ಎಲ್ಲ ಸಿಕ್ಕಿಹಾಕ್ಕೊಂಡು ನಿಂತರು. ಏರಿನಲ್ಲಿ ಕಾಲೇಜು ಹುಡುಗರು ನನ್ನ ದಾಟಿದ್ರು, ನನಗೆ ಮೂವತ್ತೆಂಟು. ಇಳಿಜಾರಿನಲ್ಲಿ ಅವರಲ್ಲಿ ಮೂರು ಜನರನ್ನ ನಾನು ದಾಟಿದೆ. ಒಬ್ಬ ಗೇರು ಮರದ ಬುಡದಲ್ಲಿ ಕೂತು ಮೊಣಕೈ ನೋಡ್ಕೊಳ್ತಿದ್ದ. ನಲವತ್ತೊಂದು ಜನರಲ್ಲಿ ಇಪ್ಪತ್ತಾರನೆಯವನಾಗಿ ಬಂದೆ. ನಾಲ್ಕು ಸುತ್ತಿನಲ್ಲಿ ನೆಲಕ್ಕೆ ಕಾಲು ಇಟ್ಟಿದ್ದು ಒಂದೇ ಸಲ, ಅದೂ ಏರಿನಲ್ಲಿ.

ದಸರಾಕ್ಕೆ ಅಪ್ಪ ಅಮ್ಮ ವೈಜಾಗಿಗೆ ಬಂದಿದ್ರು. ಅಪ್ಪ ಬಾಲ್ಕನಿಯಲ್ಲಿ ಸೈಕಲ್ ಪಕ್ಕ ಬಹಳ ಹೊತ್ತು ನಿಂತಿದ್ದರು. ಗೇರು ಕೇಳಲಿಲ್ಲ, ರೇಟು ಕೇಳಲಿಲ್ಲ. ಮುಂದಿನ ಬ್ರೇಕ್ ಲಿವರನ್ನ ಒಂದು ಬೆರಳಿಂದ ಒತ್ತಿ, ಸೈಕಲ್ಲನ್ನ ಮುಂದಕ್ಕೆ ನೂಕಿ ನೋಡಿದ್ರು. ಹಿಂದಿನ ಚಕ್ರ ಎದ್ದುಬಂತು. ಇನ್ನೊಂದು ಸಲ ನೂಕಿದ್ರು.

"ನಮ್ಮ ಸೈಕಲ್ಲಿನ ಬ್ರೇಕು ಮಳೆಗಾಲದಲ್ಲಿ ಹಿಡೀತಾನೇ ಇರಲಿಲ್ಲ ಕಣೋ" ಅಂದ್ರು. "ಅದಕ್ಕೇ ಇಳಿದು ನಡೀತಿದ್ದೆ."